ಇಲ್ಲದ ಪಥ್ಯ

ನನ್ನ ಎಡಗಾಲು ಬಲಗಾಲಿಗಿಂತ ಎರಡು ಅಂಗುಲ ಗಿಡ್ಡ. ಮದುವೆ ಮನೆಯಲ್ಲಾಗಲಿ ಮಠದ ಜಗಲಿಯಲ್ಲಾಗಲಿ, ಹೊಸದಾಗಿ ಕಂಡವರು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಕಾಲನ್ನು. "ಏನಾಯ್ತಮ್ಮ?" ಎಂದು ಕೇಳುತ್ತಾರೆ. "ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದೆ" ಎನ್ನುತ್ತೇನೆ. ಅವರು ಲೊಚಗುಟ್ಟಿ ಬೇರೆ ಮಾತಿಗೆ ಹೋಗುತ್ತಾರೆ. ಹನ್ನೆರಡು ವರ್ಷಗಳಿಂದ ಇದೇ ಉತ್ತರ ಕೊಡುತ್ತಿದ್ದೇನೆ. ಬಿದ್ದದ್ದು ನಿಜ. ಆದರೆ ಬಿದ್ದವರೆಲ್ಲ ಕುಂಟುವುದಿಲ್ಲ. ನಾನು ಕುಂಟಿಯಾದದ್ದು ಹೊಟ್ಟೆಗಿಲ್ಲದೆ, ಇಲ್ಲವೆಂದು ಹೇಳುವುದಕ್ಕೆ ಬಾಯಿಲ್ಲದೆ. ಮೂಳೆ ಮುರಿದುಕೊಂಡು ಹಾಸಿಗೆಯಲ್ಲಿ ಬಿದ್ದು, ಒಳಗೆ ಒಲೆ ಹೊತ್ತಿದ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು ಮಲಗಿರುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಮಾಧಾನ ಹೇಳುವ ಶಕ್ತಿ ನನ್ನಲ್ಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನನಗಾಗ ಇಪ್ಪತ್ತಾರು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಅತ್ತೆ ಚೆನ್ನಬಸಮ್ಮನವರು, ನಮ್ಮ ಯಜಮಾನರು, ನಾನು, ನಾಲ್ಕು ವರ್ಷದ ಮಗಳು ಗಿರಿಜೆ, ಇಷ್ಟೇ ಜನ. ಮಾವನವರ ಕಾಲದಲ್ಲಿ ಪೇಟೆಯಲ್ಲಿ ಸ್ವಂತ ಬಟ್ಟೆ ಅಂಗಡಿ ಇತ್ತಂತೆ. ಹಬ್ಬ ಬಂದರೆ ನಮ್ಮ ಪಡಸಾಲೆಯಲ್ಲಿ ಜಂಗಮರ ಪಂಕ್ತಿ ಕೂರುತ್ತಿತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾವನವರೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಉಳಿದಿದ್ದು ಪಂಕ್ತಿಗೆ ಬಡಿಸುತ್ತಿದ್ದ ದೊಡ್ಡ ಹಿತ್ತಾಳೆ ಪಾತ್ರೆಗಳು, ಮತ್ತು ಅತ್ತೆಯವರ ಒಂದು ಮಾತು: "ಇದು ದಾಸೋಹ ಮಾಡಿದ ಮನೆ ಕಣಮ್ಮ." ಯಜಮಾನರು ಚಿಕ್ಕಪೇಟೆಯಲ್ಲಿ ಬೇರೊಬ್ಬರ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುತ್ತಿದ್ದರು. ಆಗ ಬಟ್ಟೆಗೂ ಕಂಟ್ರೋಲು. ಸರಕು ಬಂದ ದಿನ ಕೆಲಸ, ಬಾರದ ದಿನ ಇಲ್ಲ.

ಅಕ್ಕಿ, ರಾಗಿ, ಸಕ್ಕರೆ ಎಲ್ಲವೂ ರೇಷನ್ನಿನಲ್ಲಿ. ಕ್ಯೂ ನಿಲ್ಲುವುದು ನನ್ನ ಕೆಲಸವಾಗಿತ್ತು. ಬೇಗ ಹೋಗಿ ನಿಂತರೆ ಸುಮಾರಾದ ಅಕ್ಕಿ ಸಿಗುತ್ತಿತ್ತು, ತಡವಾದರೆ ಮುಗ್ಗಲು ನುಚ್ಚು. ನಾನು ಜಗಳಗಂಟಿ. ತೂಕ ಕಡಿಮೆ ಬಿದ್ದರೆ ಅಂಗಡಿಯವನನ್ನು ಬಿಡುತ್ತಿರಲಿಲ್ಲ. ನಾನು ನಿಲ್ಲುತ್ತಿದ್ದಷ್ಟು ದಿನ ಮನೆಯಲ್ಲಿ ಹೊಟ್ಟೆ ತುಂಬದಿದ್ದರೂ ಹಸಿವು ಎನ್ನುವ ಮಾತು ಬಂದಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಏಳುವಾಗ ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ಜಾರಿತು. ತೊಡೆಯೊಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಕಣ್ಣು ಬಿಟ್ಟಾಗ ಯಜಮಾನರೂ ಪಕ್ಕದ ಮನೆಯ ಗೌರಮ್ಮನ ಗಂಡನೂ ನನ್ನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಎತ್ತಿನಗಾಡಿಗೆ ಏರಿಸುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಕಾಲನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಮಂಚದ ತುದಿಯ ಗಾಲಿಯಿಂದ ತೂಕ ಇಳಿಬಿಟ್ಟರು. ಎಂಟು ವಾರ ಹಾಗೇ ಅಂಗಾತ. ನೋವಿನ ಮಾತು ಬೇಡ, ಅದು ಎಲ್ಲರಿಗೂ ಒಂದೇ. ನನಗೆ ಇಂದಿಗೂ ನೆನಪಿರುವುದು ಊಟದ ಗಾಡಿಯ ಸದ್ದು. ಹನ್ನೊಂದು ಗಂಟೆಗೆ ವಾರ್ಡಿನ ಆ ತುದಿಯಿಂದ ಗಾಲಿಗಳು ಕಿರುಗುಟ್ಟುತ್ತಾ ಬರುತ್ತಿದ್ದವು. ಅನ್ನ, ಬೇಳೆಸಾರು, ಒಂದು ಲೋಟ ಹಾಲು, ಬ್ರೆಡ್ಡು. ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಗಾಡಿ ನನ್ನ ಮಂಚದ ಹತ್ತಿರ ಬಂದಾಗ ನಾನು ಹೇಳುತ್ತಿದ್ದೆ, "ನಮಗೆ ಮನೆಯಿಂದ ಬರುತ್ತೆ."

ಇದು ಅತ್ತೆಯವರ ಅಪ್ಪಣೆ. ಮೊದಲ ದಿನವೇ ವಾರ್ಡಿನಲ್ಲಿ ನಿಂತು ಹೇಳಿದ್ದರು: "ಆ ಅಡುಗೆಮನೇಲಿ ಮಾಂಸಾನೂ ಬೇಯ್ಸ್ತಾರೆ, ಅದೇ ಸೌಟು, ಅದೇ ಪಾತ್ರೆ. ಲಿಂಗ ಕಟ್ಕೊಂಡಿರೋಳು ನೀನು. ನಾನು ಬದುಕಿರೋವಾಗ ನಿನಗೆ ಧರ್ಮದ ಕೂಳು ಬೇಡ." ಅವರು ಕೆಟ್ಟವರಲ್ಲ. ಮಂಡಿನೋವಿನಲ್ಲಿ ಬಿಸಿಲಲ್ಲಿ ನಡೆದು ದಿನವೂ ತಾವೇ ಕ್ಯಾರಿಯರು ತರುತ್ತಿದ್ದರು. ಆದರೆ ಅವರಿಗೆ ಕ್ಯೂನಲ್ಲಿ ನಿಲ್ಲಲಾಗುತ್ತಿರಲಿಲ್ಲ. ಯಜಮಾನರು ಅಂಗಡಿ ಮುಗಿಸಿ ಹೋಗುವಷ್ಟರಲ್ಲಿ ಅಲ್ಲಿ ನುಚ್ಚು ಉಳಿದಿದ್ದರೆ ಅದೇ ದೊಡ್ಡದು. ಮೊದಲ ವಾರ ಕ್ಯಾರಿಯರಿನಲ್ಲಿ ಮುದ್ದೆ, ಸಾರು, ಮಜ್ಜಿಗೆ. ಮೂರನೆಯ ವಾರಕ್ಕೆ ನುಚ್ಚಿನ ಗಂಜಿ. ಐದನೆಯ ವಾರಕ್ಕೆ ಗಂಜಿಯಲ್ಲಿ ನುಚ್ಚನ್ನು ಹುಡುಕಬೇಕಾಗಿತ್ತು.

ಪಕ್ಕದ ಮಂಚದಲ್ಲಿ ಓಕಳಿಪುರಂನ ಮುನಿಯಮ್ಮ ಇದ್ದಳು. ರೈಲಿನವರ ಕಲ್ಲಿದ್ದಲು ಹೊರುವ ಕೆಲಸದಲ್ಲಿ ಅವಳಿಗೂ ತೊಡೆಯೇ ಮುರಿದಿತ್ತು, ನನಗಿಂತ ಎರಡು ದಿನ ಮೊದಲು. ಅವಳು ತನ್ನ ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ನನ್ನ ಕ್ಯಾರಿಯರಿನೊಳಗೆ ಒಂದು ದಿನ ಇಣುಕಿ ನೋಡಿದಳು. ಅತ್ತೆ ಹೋದ ಮೇಲೆ ತನ್ನ ದಿಂಬಿನಡಿಯಿಂದ ಬ್ರೆಡ್ಡು ತೆಗೆದು ನನ್ನ ಕಡೆ ಚಾಚಿದಳು.

"ತಗೋ ಅಕ್ಕಾ."

"ಬೇಡಮ್ಮ, ನಾವು ತಿನ್ನಲ್ಲ."

"ಯಾರೂ ನೋಡಾಕಿಲ್ಲ. ಸೆರಗು ಮುಚ್ಕೊಂಡು ತಿನ್ನು. ನಾಚ್ಕೊಂಡು ಕುಂತ್ರೆ ಮೂಳೆ ಕೂಡ್ತದಾ?"

ನಾನು ಕಂಬಳಿ ಎಳೆದುಕೊಂಡು ಕತ್ತಲಲ್ಲಿ ತಿಂದೆ. ಅಷ್ಟು ರುಚಿಯಾದ ತಿಂಡಿಯನ್ನು ನಾನು ಆಮೇಲೆ ತಿಂದಿಲ್ಲ. ಅಂದಿನಿಂದ ಅವಳು ಹೋಗುವವರೆಗೆ ದಿನಕ್ಕೊಂದು ಚೂರು ಕೊಟ್ಟಳು, ನಾನು ಕಳ್ಳಿಯ ಹಾಗೆ ತಿಂದೆ, ಅತ್ತೆಯ ಮುಂದೆ ಬಾಯಿ ಒರೆಸಿಕೊಂಡು ಮಲಗಿದೆ. ಆ ಆಸ್ಪತ್ರೆಯ ದಿನಗಳಲ್ಲಿ ದೇವರು ಎಂದು ಯಾರಾದರೂ ಇದ್ದರೆ ಅದು ಮುನಿಯಮ್ಮ. ಅವಳಿಗೆ ನಾನು ಏನನ್ನೂ ಕೊಡಲಿಲ್ಲ. ಹೋಗುವ ದಿನ ಊರುಗೋಲು ಹಿಡಿದು ನನ್ನ ಮಂಚದವರೆಗೆ ತಾನೇ ನಡೆದು ಬಂದು, "ಜಾಸ್ತಿ ತಿನ್ನು ಅಕ್ಕಾ, ಬೇಗ ಎದ್ಬಿಡ್ತೀಯ" ಎಂದು ಹೇಳಿ ಹೋದಳು.

ನನ್ನನ್ನು ಸೊಂಟದಿಂದ ಕಾಲ್ಬೆರಳವರೆಗೆ ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದರು. ಡಾಕ್ಟರು ವಯಸ್ಸಾದವರು, ಮೆಲುದನಿ. "ನಾನು ಮಾಡೋದು ಮುಗೀತು. ಇನ್ನು ಮೂಳೆ ಕೂಡಿಸೋದು ಊಟ. ದಿನಾ ಹಾಲು, ಬೇಳೆ, ತುಪ್ಪ, ಸೊಪ್ಪು. ಆರು ವಾರ ಬಿಟ್ಟು ಬನ್ನಿ" ಎಂದರು. ಯಜಮಾನರು ತಲೆಯಾಡಿಸಿದರು. ಅತ್ತೆಯವರೂ ತಲೆಯಾಡಿಸಿದರು. ನಾನು ಛಾವಣಿ ನೋಡುತ್ತಿದ್ದೆ.

ಪಡಸಾಲೆಯಲ್ಲಿ ನನ್ನ ಹಾಸಿಗೆ ಹಾಕಿದರು. ಅಲ್ಲಿಂದ ನಮ್ಮ ನಿಜವಾದ ಕಷ್ಟ ಶುರುವಾಯಿತು, ಏಕೆಂದರೆ ಜನ ನೋಡಲು ಬರತೊಡಗಿದರು. ಕಾಯಿಲೆಯವರನ್ನು ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಕಾಫಿ ಕೊಡಬೇಕು. ನನಗಾಗಿ ಯಜಮಾನರು ಹೇಗೋ ಹೊಂದಿಸಿ ತರುತ್ತಿದ್ದ ಪಾವು ಹಾಲು ದಿನವೂ ನನ್ನ ಕಣ್ಣೆದುರೇ ಬಂದವರ ಲೋಟಕ್ಕೆ ಹೋಗುತ್ತಿತ್ತು. "ಹಾಲು ಚೆನ್ನಾಗಿ ಕುಡೀಬೇಕಮ್ಮ, ಮೂಳೆ ಅಲ್ವಾ" ಎಂದು ಅದೇ ಕಾಫಿ ಹೀರುತ್ತಾ ಹೇಳಿ ಹೋಗುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಲಾರದೆ ಗೋಡೆಯ ಕಡೆ ಮುಖ ಮಾಡುತ್ತಿದ್ದೆ.

ಗೌರಮ್ಮ ಪಕ್ಕದ ಮನೆಯವರು, ನಮ್ಮ ಜನವೇ. ಅವರ ಯಜಮಾನರಿಗೆ ಸರ್ಕಾರಿ ನೌಕರಿ, ಊರಿನ ಜಮೀನಿನಿಂದ ಕಾಳು ಬರುತ್ತಿತ್ತು. ನಾನು ಮನೆಗೆ ಬಂದ ಮರುದಿನವೇ ಒಂದು ಪಾತ್ರೆ ತುಂಬ ಹೆಸರುಬೇಳೆ ಪಾಯಸ ತಂದಿಟ್ಟರು. ನಾವು ಮೂವರೂ ಗಿರಿಜೆಯೂ ಹಂಚಿಕೊಂಡು ತಿಂದೆವು. ತಿಂದಾದ ಮೇಲೆ ಅತ್ತೆ ಆ ಪಾತ್ರೆಯನ್ನು ತೊಳೆದು ಒರೆಸಿ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲವಲ್ಲ, ನಮ್ಮಲ್ಲಿ ಯಾರೂ. ಒಂದು ಹಣ್ಣಾದರೂ, ಒಂದು ಹಿಡಿ ಅಕ್ಕಿಯಾದರೂ ಹಾಕಿ ಕೊಡಬೇಕು. ಕೊನೆಗೆ ಅವರು ಎದ್ದು ಡಬ್ಬಿಯಲ್ಲಿದ್ದ ವಾರದ ಸಕ್ಕರೆಯನ್ನು ಅದಕ್ಕೆ ಸುರಿದು ಕೊಟ್ಟು ಬಂದರು. ಎರಡನೆಯ ಸಲ ಗೌರಮ್ಮ ಅವರೆಕಾಳು ಹುಳಿ ತಂದರು. ಅವರ ಪಾತ್ರೆಯ ಜೊತೆ ನಮ್ಮ ಮನೆಯ ಕೊನೆಯ ಬೆಲ್ಲದ ಉಂಡೆ ಹೋಯಿತು. ಮೂರನೆಯ ಸಲ ಅವರು ಹಾಲುಖೀರು ತುಂಬಿದ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತಾಗ ನಮ್ಮ ಡಬ್ಬಿಗಳಲ್ಲಿ ಏನೂ ಇರಲಿಲ್ಲ.

ಅತ್ತೆ ಎರಡೂ ಕೈ ಮುಂದೆ ಮಾಡಿ ತಡೆದರು. "ಅಯ್ಯೋ ಗೌರಮ್ಮ, ಇನ್ಮೇಲೆ ತರ್ಬೇಡಿ ಕಣಮ್ಮ. ಅವಳಿಗೆ ಪಥ್ಯ ಹೇಳಿದಾರೆ."

"ಪಥ್ಯವೇ? ಮೂಳೆಗೆ?"

"ಹೂಂ. ಬರೀ ಗಂಜಿ. ಬೇರೆ ಏನು ತಿಂದ್ರೂ ಒಳಗೆ ಕೀವಾಗುತ್ತಂತೆ."

ಗೌರಮ್ಮ ನನ್ನ ಕಡೆ ನೋಡಿದರು. ಖೀರಿನ ಏಲಕ್ಕಿ ವಾಸನೆ ಪಡಸಾಲೆಯೆಲ್ಲ ತುಂಬಿತ್ತು. "ಹೌದು ಗೌರಕ್ಕ" ಎಂದೆ. ಅವರು ಪಾತ್ರೆಯನ್ನು ಸೆರಗಿನಡಿ ಮುಚ್ಚಿಕೊಂಡು, ಕಾಯಿಲೆಯವಳ ಆಸೆ ಕೆರಳಿಸಿದೆನಲ್ಲ ಎಂದು ನೊಂದುಕೊಂಡೇ ಹೋದರು.

ಅವರು ಹೋದ ಮೇಲೆ ಅತ್ತೆ ನನ್ನ ತಲೆಯ ಹತ್ತಿರ ಕೂತು ಅತ್ತರು. "ನಾನೇನ್ಮಾಡ್ಲೇ ಮಂಗಳಾ, ಪಾತ್ರೆಗೆ ಹಾಕೋಕೆ ಒಂದು ಹಿಡಿ ಉಪ್ಪು ಬಿಟ್ರೆ ಬೇರೇನೂ ಇರ್ಲಿಲ್ಲ." ನಾನೇ ಅವರಿಗೆ ಸಮಾಧಾನ ಹೇಳಿದೆ. ಆ ಹೊತ್ತಿಗೆ ನನಗೂ ಅದು ಜಾಣತನವೆಂದೇ ಕಂಡಿತು. ಪಥ್ಯವೆಂದರೆ ಯಾರೂ ಹೆಚ್ಚು ಕೇಳುವುದಿಲ್ಲ, ಯಾರ ಮುಂದೂ ತಲೆತಗ್ಗಿಸಬೇಕಿಲ್ಲ.

ಮಾತು ಓಣಿಯಲ್ಲೆಲ್ಲ ಹರಡಿತು. ಮಂಗಳಮ್ಮನಿಗೆ ಪಥ್ಯ. ಹಣ್ಣು ತರುತ್ತಿದ್ದವರು ನಿಲ್ಲಿಸಿದರು, ಬರಿಗೈಯಲ್ಲಿ ಬಂದು ಕಾಫಿ ಕುಡಿದು ಹೋದರು. ಮಠದ ಪ್ರಸಾದ ತಂದುಕೊಡುತ್ತಿದ್ದ ಅಜ್ಜಿಯೊಬ್ಬರು, "ಪಥ್ಯ ಮುಗೀಲಿ, ತಂದ್ಕೊಡ್ತೀನಿ" ಎಂದು ಬಾಗಿಲಿಂದಲೇ ಹಿಂದಿರುಗಿದರು. ಯಜಮಾನರು ಇದನ್ನೆಲ್ಲ ನೋಡುತ್ತಿದ್ದರು. ಅಂಗಡಿಯಿಂದ ಬಂದವರು ಕೈಕಾಲು ತೊಳೆದು, "ನಂದು ಅಲ್ಲೇ ಆಯ್ತು" ಎಂದು ಮಲಗಿಬಿಡುತ್ತಿದ್ದರು. ಅಂಗಡಿಯಲ್ಲಿ ಯಾರೂ ಅವರಿಗೆ ಊಟ ಹಾಕುತ್ತಿರಲಿಲ್ಲವೆಂದು ನನಗೂ ಗೊತ್ತಿತ್ತು. ಅತ್ತೆ ಸೋಮವಾರದ ಒಪ್ಪತ್ತಿನ ಜೊತೆಗೆ ಗುರುವಾರವನ್ನೂ ಶನಿವಾರವನ್ನೂ ಹಿಡಿದರು, ನನ್ನ ಕಾಲಿಗಾಗಿ ಹರಕೆಯಂತೆ. ಒಬ್ಬೊಬ್ಬರೂ ಒಂದೊಂದು ಹೆಸರಿಟ್ಟುಕೊಂಡು ಉಪವಾಸ ಮಾಡುತ್ತಿದ್ದೆವು. ಹೆಸರಿಲ್ಲದೆ ಹಸಿದವಳು ಗಿರಿಜೆ ಒಬ್ಬಳೇ. ಅವಳು ಅಳುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ಅಣ್ಣ ನಂಜುಂಡ ಬಂದ. ಮಾಗಡಿ ಕಡೆಯ ನಮ್ಮ ಊರಿನಿಂದ, ಸೊಪ್ಪಿನ ಗಾಡಿಯಲ್ಲಿ. ಆಗ ಕಾಳು ಊರಿಂದೂರಿಗೆ ಸಾಗಿಸುವುದಕ್ಕೂ ತಡೆಯಿತ್ತು. ಅವನು ಸೊಪ್ಪಿನ ಕಂತೆಗಳ ಅಡಿಯಲ್ಲಿ ಒಂದು ಚೀಲ ಬಚ್ಚಿಟ್ಟು ತಂದಿದ್ದ. ಪಡಸಾಲೆಯಲ್ಲಿ ಚೀಲ ಬಿಚ್ಚಿದ. ರಾಗಿ, ಹುರುಳಿ, ಕಡಲೇಕಾಯಿ, ಎರಡು ಅಚ್ಚು ಬೆಲ್ಲ, ಬಾಳೆಲೆಯಲ್ಲಿ ಕಟ್ಟಿದ ಬೆಣ್ಣೆ. ಗಿರಿಜೆ ಒಂದೇ ಓಟಕ್ಕೆ ಬಂದು ಕಡಲೇಕಾಯಿಗೆ ಕೈ ಹಾಕಿದಳು. ಅತ್ತೆ ಅವಳ ಕೈಯನ್ನು ಮೆಲ್ಲಗೆ ಹಿಡಿದು ಹಿಂದಕ್ಕೆಳೆದರು.

"ಯಾಕಪ್ಪಾ ಇದೆಲ್ಲಾ? ನಮ್ಮನೇಲಿ ಕಾಳಿಗೇನು ಕಮ್ಮಿ?" ಎಂದರು. ನಗುತ್ತಲೇ ಅಂದರು, ಆದರೆ ನನಗೆ ಆ ನಗು ಗೊತ್ತಿತ್ತು.

"ಕಮ್ಮಿ ಅಂತ ಅಲ್ಲ ಅತ್ತೆಮ್ಮ. ತಂಗಿ ಮಲಗವಳೆ, ಬರಿಗೈಲಿ ಹೆಂಗೆ ಬರ್ಲಿ?"

"ಅವಳಿಗೆ ಪಥ್ಯ. ರಾಗಿ, ಹುರುಳಿ, ಬೆಲ್ಲ ಎಲ್ಲಾ ಉಷ್ಣ. ನಿನ್ನ ಮಕ್ಕಳಿಗಾಗುತ್ತೆ, ತಗೊಂಡ್ಹೋಗಪ್ಪ."

ಅಣ್ಣ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ನನ್ನ ಮುಂಗೈ ಹಿಡಿದು ನೋಡಿದ. ಬಳೆಗಳು ಮೊಣಕೈವರೆಗೆ ಜಾರಿದವು. "ನಿಜವೇನೇ ತಂಗೀ? ನನ್ನ ಮುಖ ನೋಡಿ ಹೇಳು."

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಈ ಘಳಿಗೆಗೆ ನಾನು ಎಷ್ಟು ಸಲ ಹಿಂದಿರುಗಿದ್ದೇನೆಂದು ಲೆಕ್ಕವಿಲ್ಲ. "ಸುಳ್ಳಣ್ಣ, ಹಸಿವು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೊಟ್ಟ ಮನೆಯಲ್ಲಿ ಊಟಕ್ಕಿಲ್ಲವೆಂದು ತವರಿಗೆ ಹೇಳಿದರೆ ನನ್ನ ಗಂಡ ನಾಳೆ ಆ ಊರಿಗೆ ಯಾವ ಮುಖವಿಟ್ಟುಕೊಂಡು ಹೋಗಬೇಕು? ಇದನ್ನೇ ಯೋಚಿಸಿದೆ. ನನ್ನ ಕಾಲನ್ನು ಯೋಚಿಸಲಿಲ್ಲ.

"ನಿಜ ಅಣ್ಣ. ಪಥ್ಯ" ಎಂದೆ.

ಅವನು ಚೀಲದ ಬಾಯಿ ಕಟ್ಟಿದ. ಕಟ್ಟುವಾಗ ಅವನ ಮುಖದಲ್ಲಿ ಬೇಸರದ ಜೊತೆಗೆ ಒಂದಿಷ್ಟು ನಿರಾಳವೂ ಕಂಡಿತು. ಅವನ ಮನೆಯಲ್ಲೂ ಐದು ಮಕ್ಕಳು, ಆ ವರ್ಷ ಅವರಿಗೂ ಮಿಗುವಷ್ಟಿರಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಸಿಟ್ಟಿಲ್ಲ. ಗಿರಿಜೆಯ ಕೈಗೆ ಒಂದು ಹಿಡಿ ಕಡಲೇಕಾಯಿ ಬಲವಂತವಾಗಿ ಇಟ್ಟು ಹೋದ. ಅವಳು ಒಂದೊಂದನ್ನೇ ಸುಲಿದು, ಅರ್ಧ ತಾನು ತಿಂದು ಅರ್ಧ ನನ್ನ ಬಾಯಿಗಿಟ್ಟಳು. ಅದು ಮುಗಿಯುವವರೆಗೆ ಅತ್ತೆ ಒಳಗಿನಿಂದ ಹೊರಗೆ ಬರಲಿಲ್ಲ.

ಆರು ವಾರ ಕಳೆದು ಮತ್ತೆ ಹಲಗೆ, ಮತ್ತೆ ಎತ್ತಿನಗಾಡಿ. ಕಾಯುವ ಹಜಾರದಲ್ಲಿ ನೆಲದ ಮೇಲೆ ಮಲಗಿಸಿದ್ದರು. ಸುತ್ತಲೂ ಮುರಿದ ಕೈ, ಮುರಿದ ಕಾಲು. ಒಬ್ಬಳು ಮುದುಕಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಡಲೆಪುರಿಯನ್ನು ಎಣಿಸಿದಂತೆ ತಿನ್ನುತ್ತಿದ್ದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ, ಅವಳು ಬೆನ್ನು ತಿರುಗಿಸಿದಳು.

ಡಾಕ್ಟರು ಎಕ್ಸ್‌ರೇ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ಮೂಳೆ ಕೂಡ್ತಾ ಇಲ್ವಲ್ಲಮ್ಮ. ಏನು ತಿಂತಿದೀಯಾ?"

ನನ್ನ ಒಂದು ಕಡೆ ಯಜಮಾನರು, ಇನ್ನೊಂದು ಕಡೆ ಅತ್ತೆ. ನಾನು ಯಜಮಾನರ ಮುಖ ನೋಡಿದೆ. ಅವರು ಹೇಳಲಿ ಎಂದು ಕಾದೆ. ಅವರು ತಮ್ಮ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

"ಎಲ್ಲಾ ತಿಂತೀನಿ ಡಾಕ್ಟ್ರೇ" ಎಂದೆ.

"ನೋಡು, ಮನೇಲಿ ಊಟಕ್ಕೆ ತೊಂದರೆ ಇದ್ರೆ ಸಂಕೋಚ ಬೇಡ. ಇಲ್ಲೇ ಇನ್ನೆರಡು ತಿಂಗಳು ಇಟ್ಕೋತೀನಿ. ಹಾಲು ಜಾಸ್ತಿ ಬರೆದುಕೊಡ್ತೀನಿ. ಈಗ ಕೂಡಿದ್ರೆ ಕೂಡ್ತು, ಆಮೇಲೆ ನನ್ನ ಕೈಲಿಲ್ಲ."

ಅತ್ತೆ ನನಗಿಂತ ಮೊದಲೇ ಹೇಳಿದರು: "ತೊಂದರೆ ಏನಿಲ್ಲ ಸ್ವಾಮಿ. ದಾಸೋಹ ಮಾಡಿದ ಮನೆ ನಮ್ಮದು."

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಹೂಂಗುಟ್ಟಿದೆ. ಹೊಸ ಪ್ಲಾಸ್ಟರು ಹಾಕಿ ಕಳಿಸಿದರು.

ಮುಂದಿನ ಮೂರು ತಿಂಗಳ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಹಸಿವು ಮೊದಲು ಹೊಟ್ಟೆಯಲ್ಲಿರುತ್ತದೆ, ಆಮೇಲೆ ತಲೆಗೆ ಬರುತ್ತದೆ, ಆಮೇಲೆ ಎಲ್ಲಿಯೂ ಇರುವುದಿಲ್ಲ. ಹಲ್ಲಿನ ವಸಡಿನಿಂದ ರಕ್ತ ಬರುತ್ತಿತ್ತು. ಬಾಚಿದರೆ ಕೂದಲು ಬಾಚಣಿಗೆಯ ಜೊತೆ ಬರುತ್ತಿತ್ತು. ಪ್ಲಾಸ್ಟರಿನೊಳಗೆ ಕಾಲು ಸಡಿಲವಾಗಿ ಅಲ್ಲಾಡುತ್ತಿತ್ತು. ಮಧ್ಯಾಹ್ನಗಳಲ್ಲಿ ನಾನು ಮನಸ್ಸಿನಲ್ಲೇ ಅಡುಗೆ ಮಾಡುತ್ತಿದ್ದೆ. ಒಗ್ಗರಣೆಗೆ ಸಾಸಿವೆ ಸಿಡಿಯುವವರೆಗೆ ಬಂದು, ತಿನ್ನುವಷ್ಟರಲ್ಲಿ ಎಚ್ಚರವಾಗಿ ಅಳುತ್ತಿದ್ದೆ. ಗೌರಮ್ಮ ಆಗಾಗ ಬಂದು ಪಥ್ಯ ಇನ್ನೂ ಎಷ್ಟು ದಿನವೆಂದು ಕೇಳಿ ಹೋಗುತ್ತಿದ್ದರು. ಸ್ವಲ್ಪ ದಿನ ಎನ್ನುತ್ತಿದ್ದೆವು.

ಕೊನೆಯ ಪ್ಲಾಸ್ಟರು ಬಿಚ್ಚಿದ ದಿನ ಒಳಗಿನಿಂದ ಹೊರಬಂದ ಕಾಲು ನನ್ನದೆಂದು ನಾನು ನಂಬಲಿಲ್ಲ. ತೊಡೆ ಗಿರಿಜೆಯ ತೊಡೆಯಷ್ಟಿತ್ತು, ನಡುವೆ ಹೊರಕ್ಕೆ ಬಾಗಿತ್ತು. ಡಾಕ್ಟರು ಎರಡೂ ಕಾಲುಗಳನ್ನು ಜೋಡಿಸಿ ಹಿಮ್ಮಡಿಗಳನ್ನು ನೋಡಿದರು.

"ಕೂಡಿದೆ. ಆದರೆ ಸೊಟ್ಟಗೆ, ಒಂದರ ಮೇಲೊಂದು ಜಾರಿ. ಬಲಾನೂ ಇಲ್ಲ. ಮತ್ತೆ ಮುರಿದು ಕೂಡಿಸೋಕೆ ನಿನ್ನ ಮೈಯಲ್ಲಿ ಏನೂ ಉಳಿದಿಲ್ಲ. ಇನ್ನು ಇಷ್ಟೇನಮ್ಮ." ಕೈ ಒರೆಸಿಕೊಳ್ಳುತ್ತಾ, "ಅವತ್ತು ನಾನು ಕೇಳಿದ್ದೆ" ಎಂದರು.

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಜಟಕಾದಲ್ಲಿ ಕೂತು ಹಿಂದಿರುಗಿದೆವು. ದಾರಿಯಲ್ಲಿ ಯಜಮಾನರನ್ನು ಕೇಳಿದೆ, "ಅವತ್ತು ನೀವ್ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ" ಎಂದರು.

ಅತ್ತೆ ನಮ್ಮಿಬ್ಬರ ನಡುವೆ ಕೂತು ತಮ್ಮ ಮಂಡಿಯನ್ನು ಒತ್ತಿಕೊಳ್ಳುತ್ತಿದ್ದರು.

ಜಟಕಾ ನಿಂತಾಗ ಗೌರಮ್ಮ ಬಾಗಿಲಲ್ಲೇ ಇದ್ದರು. ಯಜಮಾನರ ಹೆಗಲು ಹಿಡಿದು ನಾನು ಇಳಿಯುವುದನ್ನು ನೋಡಿ ಹತ್ತಿರ ಬಂದರು. "ಏನಂದ್ರು ಡಾಕ್ಟ್ರು?"

ಅತ್ತೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಅವರಿಗೆ ಹಾಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನ್ನ ಕಡೆ ನೋಡಿದರು, ಇನ್ನು ನೀನೇ ಹೇಳಿಬಿಡು ಎನ್ನುವ ಹಾಗೆ. ಅವರು ತಡೆಯುತ್ತಿರಲಿಲ್ಲ. ಗೌರಮ್ಮ ಒಳ್ಳೆಯ ಹೆಂಗಸು. ಹೇಳಿದ್ದರೆ ಅಂದಿನಿಂದಾದರೂ ನನ್ನ ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಳು.

"ಎಲ್ಲಾ ಸರಿಹೋಯ್ತಂತೆ ಗೌರಕ್ಕ" ಎಂದೆ. "ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗೋರಂತೆ."

ಗೌರಮ್ಮ ನನ್ನ ಕಾಲನ್ನು ನೋಡಿದರು, ಮುಖವನ್ನು ನೋಡಿದರು. ಮತ್ತೇನೂ ಕೇಳದೆ ನನ್ನ ಇನ್ನೊಂದು ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಅತ್ತೆ ನಮಗಿಂತ ಮೊದಲೇ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದರು.